ಹೆಸರಿಲ್ಲದ ಇನ್ನೂರ ಹನ್ನೊಂದು ಮನೆ

ಲಿಜು ಮೌಸಿನ ಬಲಗಡೆ ಒತ್ತಿದ. ಇಳಿದು ಬಂದ ಪಟ್ಟಿಯಲ್ಲಿ 'ಹೆಸರಿನ ಪ್ರಕಾರ ಜೋಡಿಸು' ಅನ್ನುವುದನ್ನು ಹುಡುಕಿ, ಅದರ ಮೇಲೆ ಬೆರಳು ಕುಟ್ಟಿದ. ಕುಟ್ಟಿದ್ದಷ್ಟೇ. ಚೇಲಕ್ಕಡವು ಎಂಬ ಊರಿಗೆ ಊರೇ ಎದ್ದು, ಎಡಗಡೆಗೆ ಓಡಿ, ಪೊಲೀಸು ಪೆರೇಡಿನ ಹಾಗೆ ಸಾಲುಸಾಲಾಗಿ ನಿಂತುಬಿಟ್ಟಿತು. ಆ ದೊಡ್ಡ ನೆರೆ ಬಂದ ವರ್ಷ ನೀರು ತೆಂಗಿನಮರದ ಸುಳಿಯ ತನಕ ಏರಿ, ಮೀನುಗಳು ಎಳನೀರು ಕುಡಿದು ಹೋದವು. ಆಗಲೂ ನಮ್ಮೂರಿನ ಒಂದೇ ಒಂದು ಮನೆ ಜಾಗ ಬಿಟ್ಟು ಕದಲಿರಲಿಲ್ಲ. ಲಿಜುವಿನ ಒಂದು ಬೆರಳು ಇನ್ನೂರ ಹನ್ನೊಂದನ್ನು ಕದಲಿಸಿತು.

"ಹಾಂ, ಈಗ ನೋಡೋಕೆ ಒಂದು ಲಕ್ಷಣ ಬಂತು," ಅಂದ ಅವನು.

ಬಾಗಿಲಲ್ಲಿ ಷೀಬ ನಿಂತಿದ್ದಳು. ಆ ಡಿಟಿಪಿ ಅಂಗಡಿಯಲ್ಲಿ ಹದಿನೇಳು ವರ್ಷದಿಂದ ಟೈಪು ಮಾಡುತ್ತಿದ್ದವಳು, ಲಿಜು 'ಚೇಚಿ', ಅಕ್ಕ, ಅಂತ ಕರೆಯುವವಳು. ಬಿಸಿಲಲ್ಲಿ ನಡೆದು ಬಂದು ಉಸಿರು ಸಿಕ್ಕದೆ ನಿಂತವಳು ಪರದೆ ನೋಡಿದ್ದೇ ಕೊಡೆಯನ್ನು ಕೈಬಿಟ್ಟಳು.

"ಏನೋ ಮಾಡ್ದೆ ನೀನು?"

"ಕ್ಲೀನ್ ಮಾಡ್ದೆ ಚೇಚಿ. ಮಾಮ ಎಲ್ಲೆಂದರಲ್ಲಿ ಚೆಲ್ಲಾಡಿಟ್ಟಿದ್ರು. ಒಂದು ಫೋಲ್ಡರಿಗೂ ಹೆಸರಿಲ್ಲ. ಹಿಂಗಿದ್ರೆ ಅವರ ಫೋಟೋ ಹುಡ್ಕೋದು ಹೆಂಗೆ?"

"ಅದು ಚೆಲ್ಲಾಡಿದ್ದಲ್ಲ ಕಣೋ. ಅದು ಊರು."

"ಯಾವೂರು?"

"ಯಾವೂರಾ? ನೀನು ಹುಟ್ಟಿದ ಊರು! ಯಾವ ಮನೆ ಎಲ್ಲಿದೆಯೋ ಆ ಮನೆಯವರ ಫೋಟೋ ಅಲ್ಲೇ ಇತ್ತು. ನಂಗೆ ಎಲ್ಲಿ ಒತ್ಬೇಕು ಅಂತ ಮಾತ್ರ ಗೊತ್ತಿತ್ತು. ಈಗ ಅದೂ ಇಲ್ಲ."

ಲಿಜು ಹಿಂದಕ್ಕೆ ಹೋಗುವ ಕೀಲಿಗಳನ್ನು ಒಂದು ಸಲ ಒತ್ತಿದ, ಹತ್ತು ಸಲ ಒತ್ತಿದ, ಕೊನೆಗೆ ಅಕ್ಕಿ ಕುಟ್ಟುವ ಹಾಗೆ ಕುಟ್ಟಿದ. ಒಂದು ಮನೆಯೂ ವಾಪಸು ಹೋಗಲಿಲ್ಲ.

ಅವನು ಅಂಗಡಿಯ ಯಜಮಾನ ಸುಗತನ್‌ನ ತಂಗಿಯ ಮಗ, ತಾಲೂಕು ಕಚೇರಿಯಲ್ಲಿ ಗುಮಾಸ್ತ. ಊಟಕ್ಕೆ ಕೂತರೆ ಅನ್ನದ ಅಗುಳನ್ನೂ ಉದ್ದದ ಪ್ರಕಾರ ಜೋಡಿಸಿಕೊಂಡು ಉಣ್ಣುವವನು ಅಂತ ಅವನ ಹೆಂಡತಿಯೇ ಹೇಳುತ್ತಾಳೆ. ಮಕ್ಕಳಿಲ್ಲದ ಸುಗತನ್‌ನ ಚಿತೆಗೆ ಆ ದಿನ ನಾಲ್ಕು ಗಂಟೆಗೆ ಬೆಂಕಿ ಕೊಡಬೇಕಾದವನೂ ಅವನೇ. ಆಗ ಹನ್ನೊಂದೂವರೆ.

•

ಹಿಂದಿನ ದಿನ ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಬಿದ್ದ ಸುಗತನ್ ಮತ್ತೆ ಏಳಲಿಲ್ಲ. ಅರವತ್ತೆರಡು ವರ್ಷ. ಅವನು ಕೆಳಗೆ, ಶಟರ್ ಅರ್ಧಕ್ಕೆ ಮೇಲೆ.

ನಮ್ಮಲ್ಲಿ ಒಬ್ಬರು ಸತ್ತರೆ ಮೊದಲು ಏಳಬೇಕಾದದ್ದು ಅಳುವಲ್ಲ, ಬೋರ್ಡು. ಜಂಕ್ಷನ್ನಿನಲ್ಲಿ ಸತ್ತವರ ಮುಖ, ಸುತ್ತ ಕಪ್ಪು ಅಂಚು, ಕೆಳಗೆ 'ಆದರಾಂಜಲಿಗಳು', ಪಕ್ಕದಲ್ಲಿ ಒಂದು ಕಪ್ಪು ಬಾವುಟ. ಮೂವತ್ತು ವರ್ಷದಿಂದ ಚೇಲಕ್ಕಡವಿನ ಅಷ್ಟೂ ಸಾವನ್ನು ಬೋರ್ಡಿನಲ್ಲಿ ನಿಲ್ಲಿಸಿದವನು ಸುಗತನ್ ಒಬ್ಬನೇ. ಮನೆಯಲ್ಲಿ ಮೊದಲ ಕೂಗು ಎದ್ದ ಹನ್ನೆರಡನೆಯ ನಿಮಿಷಕ್ಕೆ ಬೋರ್ಡು ನಿಲ್ಲಿಸಿದ್ದ ಅವನ ದಾಖಲೆಯನ್ನು ಭೂಮಿಯ ಮೇಲೆ ಯಾರೂ ಮುರಿದಿಲ್ಲ. ಪೊನ್ನಪ್ಪನ್ ಅನ್ನುವವನು ತನ್ನ ಮಾವ ಸತ್ತದ್ದನ್ನು ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿಯೇ ತಿಳಿದು, ಓಡುವ ಬಸ್ಸಿನಿಂದ ಹಾರಿ, ಕಾಲು ಮುರಿದುಕೊಂಡು, ಮಾವನಿಗಿಂತ ಹೆಚ್ಚು ಜನರನ್ನು ಅಳಿಸಿದ.

ಇಷ್ಟು ಬೇಗ ಆಗುತ್ತಿದ್ದದ್ದು ಹೇಗೆ ಅಂದರೆ, ಆ ಕಂಪ್ಯೂಟರಿನ ಮುಖದಿಂದ.

ಬೇರೆಯವರು ಕಂಪ್ಯೂಟರ್ ತಂದ ಮೇಲೆ ಅದರ ಮುಖಕ್ಕೆ ದೇವರನ್ನೋ ಸಿನಿಮಾದವರನ್ನೋ ಮೊಮ್ಮಗುವನ್ನೋ ಹಾಕುತ್ತಾರೆ. ಸುಗತನ್ ಹಾಕಿದ್ದು ಪಂಚಾಯ್ತಿಯ ನಕ್ಷೆ. ಅದರ ಮೇಲೆ ತಾನೇ ಕಾಲುವೆ ಎಳೆದ, ಚರ್ಚು ನಿಲ್ಲಿಸಿದ, ಮುರಿದ ಸಂಕ ಸೇರಿಸಿದ. ಗಡಿಯಾರ ತೆಗೆದುಹಾಕಿದ. ಬಾಣದ ಗುರುತನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದ ಅಂದರೆ ಅದು ಒಂದು ಮನೆಯ ಮೇಲೆ ನಿಂತರೆ ಪಕ್ಕದ ಮನೆಗೆ ನೆರಳು ಬೀಳುತ್ತಿತ್ತು. ಕಸದ ಬುಟ್ಟಿಯನ್ನು ಹೊಳೆಯ ಆಚೆ, ಪಕ್ಕದ ಪಂಚಾಯ್ತಿಯ ಗಡಿಯೊಳಗೆ ಇಟ್ಟ. ಆಮೇಲೆ ಒಂದೊಂದು ಮನೆಯ ಜಾಗದಲ್ಲಿ ಒಂದೊಂದು ಫೋಲ್ಡರ್. ರೇಷನ್ ಕಾರ್ಡಿಗೆ, ಪಿಂಚಣಿಗೆ, ಮದುವೆ ಕಾಗದಕ್ಕೆ ಅಂತ ಫೋಟೋ ತೆಗೆಸಲು ಬಂದವರದು ಒಂದು ಒಳ್ಳೆಯ ಮುಖ ಸದ್ದಿಲ್ಲದೆ ಅವರವರ ಮನೆಗೆ ಹೋಗಿ ಕೂರುತ್ತಿತ್ತು. ಹುಡುಗಿಗೆ ಮದುವೆಯಾದರೆ ಅವಳ ಮುಖವನ್ನು ತಾನೇ ಎತ್ತಿಕೊಂಡು ಹೋಗಿ ಗಂಡನ ಮನೆಗೆ ಬಿಡುತ್ತಿದ್ದ. ಜಗಳವಾಡಿ ತವರಿಗೆ ಬಂದಳೋ, ವಾಪಸು ತರುತ್ತಿದ್ದ. ಅವಳ ಅಪ್ಪ ಅಮ್ಮನಿಗೆ ವಿಷಯ ಗೊತ್ತಾಗುವುದಕ್ಕೆ ಎರಡು ದಿನ ಮೊದಲೇ ತರುತ್ತಿದ್ದ ಅಂತಲೂ ಹೇಳುವವರಿದ್ದಾರೆ.

ಹೆಸರು ಮಾತ್ರ ಇಡಲಿಲ್ಲ.

"ಹೆಸರು ಬರೆದ್ರೆ ಕೌಂಟರಿನ ಆಚೆ ನಿಂತೋರು ಓದ್ತಾರೆ ಷೀಬೇ," ಅಂದಿದ್ದ. "ಜೆರಾಕ್ಸ್ ಮಾಡಿಸೋಕೆ ಬಂದೋರಿಗೆ ತಮ್ಮ ಬೋರ್ಡು ರೆಡಿ ಇದೆ ಅಂತ ಗೊತ್ತಾದ್ರೆ ಎದೆ ಹೊಡ್ಕೊಂಡು ಇಲ್ಲೇ ಬೀಳ್ತಾರೆ. ಅದನ್ನೂ ನಾವೇ ಮಾಡ್ಬೇಕು."

ಹೆಸರಿಲ್ಲದೆ ಇಡಲು ಕಂಪ್ಯೂಟರ್ ಬಿಡುವುದಿಲ್ಲವಲ್ಲ. ಅದಕ್ಕೆ ಕಣ್ಣಿಗೆ ಕಾಣದ ಖಾಲಿ ಅಕ್ಷರ ಒಂದನ್ನು ಹುಡುಕಿದ್ದ. ಮೊದಲ ಮನೆಗೆ ಒಂದು ಖಾಲಿ, ಎರಡನೆಯದಕ್ಕೆ ಎರಡು. ಇನ್ನೂರ ಹನ್ನೊಂದನೆಯ ಮನೆ ಕಟ್ಟಿದ ದಿನ ಇನ್ನೂರ ಹನ್ನೊಂದು ಸಲ ಖಾಲಿ ಒತ್ತಿ, ಬೆರಳು ನೀವಿಕೊಂಡು, "ಇನ್ನು ಯಾರೂ ಈ ಊರಿಗೆ ಬರೋದು ಬೇಡ," ಅಂದಿದ್ದ.

ಚೌಕದ ಹಳೆಯ ಪರದೆ ಸುಟ್ಟು ಅಗಲದ್ದು ಬಂದಾಗ ಊರೆಲ್ಲ ಎಳೆದ ರಬ್ಬರಿನ ಹಾಗಾಗಿ, ಚರ್ಚಿನವರು ಕಾಲುವೆಗೆ ಬಿದ್ದರು. ಸುಗತನ್ ಮೂರು ದಿನ ಊಟ ಬಿಟ್ಟು ಒಂದೊಂದೇ ಮನೆಯನ್ನು ಎತ್ತಿ ಅದರದರ ಜಾಗಕ್ಕೆ ಇಟ್ಟ. ಮೂರನೆಯ ದಿನ ಸಂಜೆ ಮೇಜಿನ ಮೇಲೆ ತಲೆಯಿಟ್ಟು, "ಸಾಕಾಯ್ತು. ಇವರ್ಯಾರಿಗೂ ತಾವಾಗಿ ನಿಲ್ಲೋಕೆ ಬರಲ್ಲ," ಅಂದದ್ದು ಷೀಬಳಿಗೆ ಚೆನ್ನಾಗಿ ನೆನಪಿದೆ.

•

"ಲೀಲಾಮಣೀ, ಬೋರ್ಡಿಗೆ ಆಧಾರ್ ಕಾರ್ಡಲ್ಲಿರೋ ಫೋಟೋನೇ ಹಾಕಿಬಿಡೋಣ," ಅಂದರು ಪಂಚಾಯ್ತಿ ಮೆಂಬರ್ ಕುರಿಯಾಚ್ಚನ್. ಕೈಯಲ್ಲಿ ಕಾರ್ಡು ಹಿಡಿದು ಬೀಸಣಿಗೆಯ ಹಾಗೆ ಬೀಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಸುಗತನ್ ತೆಂಕಕ್ಕೆ ತಲೆಯಿಟ್ಟು ಮಲಗಿದ್ದ. ತಲೆಯ ಬಳಿ ದೀಪ, ತೆಂಗಿನಕಾಯಿಯ ಹೋಳು. ಅವನ ಹೆಂಡತಿ ಲೀಲಾಮಣಿ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಅತ್ತು ಅತ್ತು ಅವಳ ಕಣ್ಣಿನ ಬಾವಿ ಬತ್ತಿ ಈಗ ಕೆಸರೂ ಉಳಿದಿರಲಿಲ್ಲ. ಹಿತ್ತಲಲ್ಲೇ ಹಾಕುವ ಚಿತೆಗೆ ಮಾವಿನಮರ ಕಡಿಯುವ ಸದ್ದು. ಅದನ್ನು ಕಡಿಯುವವರೂ ಎರಡು ಏಟಿಗೊಮ್ಮೆ ಕೂರುತ್ತಿದ್ದರು. ಬಾಡಿಗೆಗೆ ತಂದ ಕೆಂಪು ಕುರ್ಚಿಗಳಲ್ಲಿ ಕೂತವರು ಹಾಲಿಲ್ಲದ ಚಹಾ ಕುಡಿದು ಆಕಳಿಸಿದರು. ಒಬ್ಬರ ಆಕಳಿಕೆ ಹನ್ನೆರಡು ಕುರ್ಚಿ ದಾಟಿ ಗೇಟಿನವರೆಗೆ ಹೋಗಿ ವಾಪಸು ಬರುತ್ತಿತ್ತು.

"ಆಧಾರದ್ದು ಬೇಡ ಮೆಂಬರ್ರೇ," ಅಂದಳು ಲೀಲಾಮಣಿ.

"ಯಾಕೆ ಬೇಡ? ಮುಖ ಅವನದೇ ತಾನೆ?"

"ಅಲ್ಲ. ಅದು ಸರ್ಕಾರಕ್ಕೆ ಕೊಟ್ಟ ಮುಖ. ನೆರೆಹೊರೆಗೆ ಆ ಮುಖ ಕೊಡಬಾರ್ದು ಅಂತಿದ್ರು ಅವರು. ಈ ಊರಲ್ಲಿ ಒಬ್ಬರನ್ನಾದ್ರೂ ಆಧಾರ್ ಮುಖದಲ್ಲಿ ನಿಲ್ಸಿದಾರಾ? ನಿಮ್ಮಪ್ಪನ್ನ ನೆನಪು ಮಾಡ್ಕೊಳಿ."

ಕುರಿಯಾಚ್ಚನ್ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. ಅವರಪ್ಪನ ಬೋರ್ಡು ಎದ್ದ ದಿನ ಅವರಮ್ಮ ಅದರ ಮುಂದೆ ನಿಂತು, "ಇಷ್ಟು ಚೆಂದದೋರು ಯಾರು ಸತ್ತಿದ್ದು?" ಅಂತ ಕೇಳಿದ್ದರು. ಅದು ಅವರ ಗಂಡನೇ.

"ಮತ್ತೆ ಮದುವೆ ಫೋಟೋ?"

"ನೆರೆಗೆ ಹೋಯ್ತು."

"ಮೊಬೈಲು?"

"ಗುಂಡಿ ಒತ್ತೋ ಮೊಬೈಲು. ಅದರಲ್ಲಿ ಅಲಾರಂ ಬಿಟ್ರೆ ಏನಿಲ್ಲ."

ಆಗ ಷೀಬ ಬಂದು ಅವಳ ಪಕ್ಕ ಚಾಪೆಯ ಮೇಲೆ ಕೂತಳು. ಅಂಗಡಿಯಲ್ಲಿ ಆದದ್ದನ್ನು ಕಿವಿಯಲ್ಲಿ ಹೇಳಿದಳು. ಲೀಲಾಮಣಿ ಗಂಡನ ಕಾಲಿನ ಹೆಬ್ಬೆರಳುಗಳಿಗೆ ಕಟ್ಟಿದ್ದ ಬಟ್ಟೆಯನ್ನು ಸರಿಮಾಡಿದಳು.

"ಮೂರು ದಿನ ಊಟ ಬಿಟ್ಟಿದ್ರು," ಅಂದಳು. ಆಮೇಲೆ, "ಲಿಜುಗೆ ಬೈಬೇಡ. ಪಾಪ, ಅವನು ಬೆಂಕಿ ಕೊಡಬೇಕಾದೋನು. ಹುಡುಕಿ. ಎಲ್ಲ ಮನೆ ಬಾಗ್ಲೂ ತೆಗೀರಿ. ಇಡೀ ಊರನ್ನ ನಿಲ್ಸಿದೋರು ಮುಖ ಇಲ್ದೆ ಹೋಗೋಕಾಗಲ್ಲ. ಜಂಕ್ಷನ್ನಲ್ಲಿ ಅವರು ನಿಲ್ಲೋವರೆಗೂ ಇಲ್ಲಿಂದ ಎತ್ತೋಕೆ ನಾನು ಬಿಡಲ್ಲ."

"ನಾಲ್ಕು ಗಂಟೆ ದಾಟಿದ್ರೆ?" ಅಂದರು ಮೆಂಬರ್.

"ನೀವು ಮನೆಗೆ ಹೋಗಿ ಮಲಗಿ. ನಾನು ಇಲ್ಲೇ ಕೂತಿರ್ತೀನಿ."

•

ಸುದ್ದಿ ಷೀಬಳಿಗಿಂತ ಬೇಗ ನಡೆಯಿತು. ಅವಳು ಅಂಗಡಿಗೆ ಮರಳುವ ಹೊತ್ತಿಗೆ ಕೌಂಟರಿನ ಮುಂದೆ ಅರ್ಧ ಊರು ನಿಂತಿತ್ತು. ಉಳಿದರ್ಧ ಬರುತ್ತಿತ್ತು. ಸತ್ತವನ ಮುಖ ಹುಡುಕಲು ಬಂದವರೇ ಎಲ್ಲರೂ. ಆದರೆ ಕಣ್ಣು ಹುಡುಕುತ್ತಿದ್ದದ್ದು ತಂತಮ್ಮ ಮುಖ.

ಲಿಜು ಮೊದಲನೆಯ ಸಾಲಿನ ಮೊದಲನೆಯದನ್ನು ತೆರೆದ. ಷೀಬ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು.

"ಇದು ಯಾರು? ವೈದ್ಯರ ಮನೆ. ಮುಚ್ಚು. ಮುಂದೆ."

ಹದಿನಾರನೆಯದರಲ್ಲಿ ಕುರಿಯಾಚ್ಚನ್ ಬಂದರು. ಮಡಚಿದ ಕನ್ನಡಕ ಕೈಯಲ್ಲಿ, ತಲೆಗೂದಲು ಕೆದರಿ, ಈಗ ತಾನೇ ಯಾರೋ ನಗಿಸಿದ ಹಾಗೆ.

ನಿಜವಾದ ಕುರಿಯಾಚ್ಚನ್ ಹಿಂದಿನಿಂದ ಕತ್ತು ಉದ್ದ ಮಾಡಿದರು. "ಇದ್ಯಾಕೆ ಹಿಂಗಿದೆ? ನನ್ನ ಎಲೆಕ್ಷನ್ ಫೋಟೋ ಇತ್ತಲ್ಲ ಇವನ ಹತ್ರ!"

"ಅದ್ರಲ್ಲಿ ನೀವು ಕೈ ಮುಗಿದು ಓಟು ಕೇಳ್ತಿದೀರಿ. ಹೋಗೋ ಹೊತ್ತಲ್ಲಿ ಓಟು ಯಾತಕ್ಕೆ ಅಂತ ಸುಗತೇಟ್ಟನೇ ತೆಗೆದ್ರು," ಅಂದಳು ಷೀಬ. ಸುಗತನ್ ಅವಳಿಗೆ ಏಟ್ಟ, ಅಂದರೆ ಅಣ್ಣ.

ಜನ ನಕ್ಕು, ಸಾವಿನ ದಿನ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡರು.

ನಲವತ್ತನೆಯದೋ ಐವತ್ತನೆಯದೋ ಮೀನು ಮಾರುವ ಅಮ್ಮಿಣಿಯ ಮನೆ. ಅಮ್ಮಿಣಿ ಬುಟ್ಟಿ ಇಳಿಸದೆಯೇ ನೋಡಿದಳು. ಪರದೆಯಲ್ಲಿ ಒಬ್ಬ ಹೆಂಗಸು ಗದ್ದ ಎತ್ತಿ ಕೂತಿದ್ದಳು, ಹೊಳೆಯನ್ನೇ ವರದಕ್ಷಿಣೆ ತಂದವಳ ಹಾಗೆ.

"ಅಯ್ಯೋ, ನಾನು ಹಿಂಗಿದೀನಾ? ಷೀಬೇ, ಇದನ್ನೇ ಇಟ್ಟಿರು ಕಣಮ್ಮ. ಬೇರೆ ಯಾರೇ ಬಂದು ಬೇರೆ ಕೊಟ್ರೂ ಹಾಕ್ಬೇಡ."

"ಆಯ್ತು ಚೇಚಿ. ಬೆಳಕಿಗೆ ಅಡ್ಡ ಬರ್ಬೇಡಿ."

ಒಂದು ಗಂಟೆಯಾಯಿತು. ಎರಡಾಯಿತು. ಜನರ ನಗು ತೀರಿತು, ಕಾಲು ಸೋತಿತು. ತಮ್ಮದನ್ನು ನೋಡಿಕೊಂಡವರು ಒಬ್ಬೊಬ್ಬರಾಗಿ ಹೊರಟರು. ಫ್ಯಾನು ಬಿಸಿಗಾಳಿಯನ್ನೇ ಅಗಿದು ಉಗುಳುತ್ತಿತ್ತು. ಷೀಬಳ ಕಣ್ಣಲ್ಲಿ ಮುಖಗಳು ಒಂದರ ಮೇಲೊಂದು ಅಂಟಿಕೊಂಡವು. ಒಬ್ಬರ ಮೂಗು ಇನ್ನೊಬ್ಬರಿಗೆ ಹೋಗಿ, ಊರಿನ ಎಲ್ಲರೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡರು. ಸುಗತನ್ ಎಲ್ಲೂ ಇರಲಿಲ್ಲ.

•

ಇರುವುದೂ ಇಲ್ಲ ಅಂತ ಷೀಬಳಿಗೆ ಒಳಗೊಳಗೆ ಗೊತ್ತಿತ್ತು. ಹಿಂದೊಂದು ಮಧ್ಯಾಹ್ನ ಲೀಲಾಮಣಿ ಬುತ್ತಿ ತಂದವಳು ಗಂಡನ ಹೆಗಲ ಮೇಲಿಂದ ಪರದೆ ನೋಡುತ್ತ ನಿಂತಿದ್ದಳು.

"ಇದರಲ್ಲಿ ನಮ್ಮನೆ ಎಲ್ಲಿ?"

ಸುಗತನ್ ಬಾಣವನ್ನು ಕಾಲುವೆಯ ತಿರುವಿಗೆ ಒಯ್ದು ನಿಲ್ಲಿಸಿದ. ಅಲ್ಲಿ ಬರೀ ನಕ್ಷೆಯ ಹಸಿರು.

"ಎಲ್ಲರ ಮನೆ ಮೇಲೂ ಒಂದೊಂದಿದೆ. ನಮ್ಮದು ಮಾತ್ರ ಬೋಳು."

"ಅಲ್ಲೊಂದು ಇಟ್ರೆ ನಾನು ದಿನಾ ನೋಡ್ಬೇಕಲ್ಲ ಲೀಲೇ," ಅಂದ ಅವನು ಡಬ್ಬಿಯ ಮುಚ್ಚಳ ತೆಗೆಯುತ್ತ. "ಬೇರೆಯೋರದಾದ್ರೆ ಪರವಾಗಿಲ್ಲ. ಕೆಲಸ. ಮೀನು ಇವತ್ತು ಯಾವುದು?"

"ಬಂಗುಡೆ."

ಅಷ್ಟೇ ಮಾತು. ಆಮೇಲೆ ಅವನು ಉಂಡ.

•

"ಚೇಚಿ," ಅಂದ ಲಿಜು. ಎರಡೂವರೆ ಆಗಿತ್ತು. "ಸುಮಾರು ಮನೆಗಳ ಒಳಗೆ ಇನ್ನೊಂದಿದೆ."

"ಏನು?"

"ಫೋಟೋ ಪಕ್ಕ ಒಂದು ಖಾಲಿ ಜಾಗ ಇದೆಯಲ್ಲ, ಅದು ಖಾಲಿ ಅಲ್ಲ. ಚಿತ್ರವೂ ಇಲ್ಲ ಹೆಸರೂ ಇಲ್ಲದ ಫೋಲ್ಡರು. ನಾನು ಆಗಿಂದ ಎಣಿಸ್ತಾ ಇದೀನಿ. ಕಾಣೋ ಐಟಂಗಿಂತ ಕೆಳಗೆ ಒಂದು ಜಾಸ್ತಿ ಅಂತ ತೋರ್ಸುತ್ತೆ. ಲೆಕ್ಕ ಕೂಡ್ತಿಲ್ಲ."

ತಾಲೂಕು ಕಚೇರಿಯ ಗುಮಾಸ್ತನ ಕಣ್ಣಲ್ಲದೆ ಮೂರು ಲೋಕದಲ್ಲಿ ಬೇರೆ ಯಾವ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಖಾಲಿಯ ಮೇಲೆ ಎರಡು ಸಲ ಒತ್ತಿದ. ತೆರೆಯಿತು.

ಒಳಗಿದ್ದದ್ದು ಕತ್ತರಿಸದ ಫೋಟೋ. ವಯಸ್ಸಾದವರು, ಕಾಲಿಲ್ಲದವರು, ಹಾಸಿಗೆ ಹಿಡಿದವರು ಅಂಗಡಿಗೆ ಬರಲಾರರಲ್ಲ. ಅಂಥವರ ಮನೆಗೆ ಸುಗತನ್ ಒಬ್ಬನೇ ಹೋಗುತ್ತಿದ್ದ. ಷೀಬ ಅಂಗಡಿ ನೋಡಿಕೊಳ್ಳಬೇಕಿತ್ತು. ಅವನು ತರುತ್ತಿದ್ದ ಫೋಟೋದಲ್ಲಿ ಹಿಂದೆ ಯಾವಾಗಲೂ ಹಾಲಿನಂಥ ಬಿಳಿ. ಮಸಿ ಹಿಡಿದ ಅಡಿಗೆಮನೆಗಳಲ್ಲಿ ಇಷ್ಟು ಬಿಳಿ ಗೋಡೆ ಎಲ್ಲಿ ಸಿಗುತ್ತದೆ ಅಂತ ಅವಳು ಒಂದು ದಿನವೂ ಯೋಚಿಸಿರಲಿಲ್ಲ.

ಈಗ ಕಂಡಿತು. ಅದು ಗೋಡೆಯಲ್ಲ, ಗಂಡಸರು ಉಡುವ ಮುಂಡು. ಯಾರೋ ಹಿಂದೆ ನಿಂತು ಎರಡೂ ಕೈಯಿಂದ ಎತ್ತಿ ಹಿಡಿದಿದ್ದ ಬಿಳಿಯ ಮುಂಡು. ಮೇಲಿನ ಎರಡು ಮೂಲೆಗಳಲ್ಲಿ ಎರಡು ಹೆಬ್ಬೆರಳು. ಬಲಗಡೆಯದರ ಉಗುರು ಸೀಳಿತ್ತು.

"ಶಟರ್ ಬಿದ್ದಿದ್ದು," ಅಂದಳು ಷೀಬ. "ಸುಗತೇಟ್ಟನ ಬೆರಳು."

"ಹಂಗಾದ್ರೆ ಕ್ಯಾಮೆರಾ ಒತ್ತಿದ್ದು ಯಾರು?"

"ಆ ಮನೆಯೋರೇ ಯಾರಾದ್ರೂ. ನೋಡು, ನೋಡು, ಬೇರೆಯದು ತೆಗಿ."

ಹೆಬ್ಬೆರಳು. ಹೆಬ್ಬೆರಳು. ಒಂದರಲ್ಲಿ ಮೊಣಕೈ. ಒಂದರಲ್ಲಿ ಮುಂಡಿನ ಕೆಳಗೆ ಎರಡು ಪಾದ, ಒಂದು ಪಾದ ಇನ್ನೊಂದರ ಮೇಲೆ, ನಿಂತು ನಿಂತು ಸೋತವರು ನಿಲ್ಲುವ ಹಾಗೆ. ಸಾಲಾಗಿ ನಿಂತಿದ್ದರಿಂದ ಒಂದು ಮನೆಯೂ ತಪ್ಪಲಿಲ್ಲ. ಲಿಜು ಮೊದಲಿನಿಂದ ಮತ್ತೆ ಹಿಡಿದು ತೆರೆಯುತ್ತ ಹೋದ. ನೂರ ಎಪ್ಪತ್ತೆಂಟನೆಯದು ಪುತ್ತನ್‌ಪುರ ಮನೆತನದ ಏಲಿಯಮ್ಮಜ್ಜಿಯ ಮನೆ. ತೊಂಬತ್ತೊಂದು ವರ್ಷದ ಅಜ್ಜಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಅವಳ ಸೊಸೆ ಒತ್ತಿದ ಫೋಟೋ ಇರಬೇಕು. ಒಲೆಯ ಮೇಲಿನ ಹಾಲು ಬಿಟ್ಟು ಬರಲಾರದೆ ಅಡಿಗೆಮನೆಯ ಬಾಗಿಲಿನಿಂದಲೇ ಒತ್ತಿದ್ದಳು. ಅಷ್ಟು ದೂರದಿಂದ ಎಲ್ಲವೂ ಬಂದಿತ್ತು. ಕುರ್ಚಿ, ಅಜ್ಜಿ, ಮುಂಡು, ಅದರ ಅಂಚಿಗೆ ಗದ್ದ ತಾಗಿಸಿ ನಿಂತ ಸುಗತನ್.

ಅವನು ಕ್ಯಾಮೆರಾ ನೋಡುತ್ತಿರಲಿಲ್ಲ. ಕಣ್ಣು ಕೆಳಗೆ, ಅಜ್ಜಿಯ ನೆತ್ತಿಯ ಮೇಲೆ. ಕೂದಲು ಸರಿಯಾಗಿದೆಯೋ ಇಲ್ಲವೋ ಅಂತ.

•

ಷೀಬ ಒಂದು ಹಾಳೆಗೆ ಅಚ್ಚು ತೆಗೆದುಕೊಂಡು ಆಟೋದಲ್ಲಿ ಮನೆಗೆ ಹೋದಳು. ಲೀಲಾಮಣಿ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"'ನನ್ನ ಎರಡನೇ ಮುಂಡು ಎಲ್ಲಿ, ಎಲ್ಲಿ' ಅಂತ ಕೇಳ್ತಿದ್ರು," ಅಂದಳು. "ತಾವೇ ಚೀಲದಲ್ಲಿ ಇಟ್ಕೊಂಡು ತಿರುಗ್ತಿದ್ರು, ನೋಡು."

ಕುರಿಯಾಚ್ಚನ್ ಬಗ್ಗಿ ನೋಡಿದರು. "ಏಲಿಯಮ್ಮಜ್ಜಿ ಇನ್ನೂ ಗಟ್ಟಿಮುಟ್ಟಾಗಿದಾರೆ. ಕಪ್ಪು ಅಂಚಿನೊಳಗೆ ಅವರನ್ನ ಹಾಕಿದ್ರೆ ಆ ಮುದುಕಿ ದೊಣ್ಣೆ ತಗೊಂಡು ಬಂದು ನನ್ನೇ ಹೊಡೀತಾರೆ."

"ಅವರನ್ನ ಅಳಿಸ್ತೀನಿ," ಅಂದಳು ಷೀಬ. "ಕುರ್ಚಿನೂ. ಆಮೇಲೆ ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡ್ತೀನಿ."

"ಕತ್ತರಿಸ್ಬೇಡ."

"ಲೀಲೇಚಿ, ಕೆಳಗೆ ಬರೀ ಬಟ್ಟೆ ಉಳಿಯುತ್ತೆ."

"ಉಳೀಲಿ. ಕೈ ಬಿಡಬೇಡ. ಎರಡೂ ಇರ್ಲಿ."

"ಬಟ್ಟೆ ಒಗೆದು ಒಣಹಾಕೋರ ಥರ ಕಾಣುತ್ತೆ ಲೀಲಾಮಣೀ," ಅಂದರು ಮೆಂಬರ್. "ಮುಖ ಬೇರೆ ಕೆಳಗೆ ನೋಡ್ತಿದೆ. ಬೋರ್ಡಲ್ಲಿರೋರು ಜನರನ್ನ ನೋಡ್ಬೇಕು."

"ಮೂವತ್ತೈದು ವರ್ಷ ನನ್ನನ್ನೂ ಹಂಗೇ ನೋಡಿದಾರೆ. ಮುಖ ನೋಡಿದ್ದು ಕಮ್ಮಿ. ಸೆರಗು ಸರಿ ಇದೆಯಾ, ಕೂದಲು ಸರಿ ಇದೆಯಾ..." ಲೀಲಾಮಣಿ ಹಾಳೆಯನ್ನು ಷೀಬಳಿಗೆ ಕೊಟ್ಟಳು. "ಇದು ಅವರೇ. ಹೋಗು. ಆಳೆತ್ತರಕ್ಕೆ ತೆಗಿ."

ಬದುಕಿರುವ ಒಬ್ಬ ಅಜ್ಜಿಯನ್ನು ಷೀಬ ಅಳಿಸಿದ್ದು ಅದೇ ಮೊದಲು. ನೆತ್ತಿಯಿಂದ ಶುರುಮಾಡಿ, ಭುಜ, ಮಡಿಲು, ಕೊನೆಗೆ ಪಾದ. ಅಳಿಸಿದಷ್ಟೂ ಮುಂಡು ಅಗಲವಾಗುತ್ತ ಬಂತು. ಹಿಂದಿನ ಕೋಣೆಯ ಯಂತ್ರ ಒಂದೊಂದೇ ಅಂಗುಲ ಸುಗತನ್‌ನನ್ನು ಹೊರಗೆ ಬಿಟ್ಟಿತು. ಮೊದಲು ನೆತ್ತಿ, ಆಮೇಲೆ ಇಳಿದ ಕಣ್ಣು, ಆಮೇಲೆ ಬಹಳ ಹೊತ್ತು ಬರೀ ಬಿಳಿ. ಲಿಜು ಅದನ್ನು ಮರದ ಚೌಕಟ್ಟಿಗೆ ಹೊಡೆದು, ಹೆಗಲ ಮೇಲೆ ಹೊತ್ತು, ಜಂಕ್ಷನ್ನಿನ ಮೋರಿಕಟ್ಟೆಯ ಹಿಂದಿನ ಕರೆಂಟು ಕಂಬಕ್ಕೆ ತಂತಿ ಸುತ್ತಿ ನಿಲ್ಲಿಸಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಲ್ಲಿಂದ ಓಡಿಹೋಗಿ ಮೈಮೇಲೆ ನೀರು ಸುರಿದುಕೊಂಡು ಮಡಕೆ ಹೊತ್ತ.

"ನಿಂತ್ರಾ?" ಅಂತ ಕೇಳಿದಳು ಲೀಲಾಮಣಿ.

"ನಿಂತ್ರು ಅತ್ತೆ."

ಅವಳು ಗೋಡೆ ಹಿಡಿದು ಎದ್ದು ದಾರಿ ಬಿಟ್ಟಳು.

ಐದೂವರೆಯ ಹೊತ್ತಿಗೆ ಹಿತ್ತಲಿನ ಹೊಗೆ ತೆಳುವಾಗಿತ್ತು. ಜನ ಕಾಲೆಳೆದುಕೊಂಡು ಜಂಕ್ಷನ್ನಿಗೆ ಬಂದರು. ಬಸ್ಸು ಇನ್ನೂ ಬಂದಿರಲಿಲ್ಲ. ಅಮ್ಮಿಣಿ ಬೆಳಗ್ಗೆಯಿಂದ ಹೊತ್ತಿದ್ದ ಬುಟ್ಟಿಯನ್ನು ಇಳಿಸಿ, ಸೊಂಟಕ್ಕೆ ಕೈಕೊಟ್ಟು, ಮೋರಿಕಟ್ಟೆಯ ಮೇಲೆ ಕೂತಳು.

"ಏ ಅಮ್ಮಿಣೀ, ಸ್ವಲ್ಪ ಸರ್ಕೊಂಡು ಕೂತ್ಕೋ," ಅಂದರು ಕುರಿಯಾಚ್ಚನ್ ದೂರದಿಂದ. "ಬೋರ್ಡಿಗೆ ಅಡ್ಡ ಆಗ್ತಿದೀಯ."

"ಕಾಲು ನಡೀತಿಲ್ಲ ಮೆಂಬರ್ರೇ. ಬಸ್ಸು ಬರೋವರೆಗೆ."

ಹಾಗೆಂದು ಅವಳು ಕಣ್ಣು ಮುಚ್ಚಿದಳು. ಅವಳ ಬೆನ್ನ ಹಿಂದೆ ಎರಡು ಕೈ ಅಗಲಿಸಿ ಹಿಡಿದ ಬಿಳಿಯ ಮುಂಡು. ಅದರ ಮೇಲಿನಿಂದ ಸುಗತನ್ ಅವಳ ನೆತ್ತಿಯನ್ನೇ ನೋಡುತ್ತಿದ್ದ. ರಸ್ತೆಯ ಆ ಬದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಅಮ್ಮಿಣಿ ಕಣ್ಣು ತೆರೆಯದೆಯೇ ಕೈ ಎತ್ತಿ, ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.